ಹಿಂದಿನ ಬಾಗಿಲಿಗೆ ಎಟುಕುವ ಲೆನ್ಸ್

ಲೆನ್ಸ್ ಮಾರುವವರು ನಗುನಗುತ್ತಾ ಮಾತಾಡಿದರೆ ನನಗೆ ಅನುಮಾನ ಶುರುವಾಗುತ್ತದೆ. ನಗದೆ ಮಾತಾಡಿದರೂ ಶುರುವಾಗುತ್ತದೆ, ಆ ಮಾತು ಬೇರೆ. ತುಮಕೂರಿನ ಸದಾಶಿವನಗರದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ, ನಾಮಕರಣ, ಗೃಹಪ್ರವೇಶ ಎಂದು ಕ್ಯಾಮೆರಾ ಹೊತ್ತು ಊರೂರು ತಿರುಗುವುದು ನನ್ನ ಕೆಲಸ. ಮೆಮೊರಿ ಕಾರ್ಡನ್ನು ನಂಬುವುದಿಲ್ಲ, ಛತ್ರದ ಕರೆಂಟನ್ನು ನಂಬುವುದಿಲ್ಲ, ಯೂಟ್ಯೂಬಿನಲ್ಲಿ ಲೆನ್ಸ್ ಎತ್ತಿ ಹಿಡಿದು ಹೊಗಳುವವರನ್ನಂತೂ ಕನಸಿನಲ್ಲೂ ನಂಬುವುದಿಲ್ಲ. ಇಂಥವಳು ಕುಣಿಗಲ್‌ನ ಒಂದು ಮದುವೆಗೆ, ನನ್ನೆದುರೇ ಸುಳ್ಳು ಹೇಳಿ ಸಿಕ್ಕಿಬಿದ್ದವನ ಲೆನ್ಸನ್ನು ಹೆಗಲಿಗೇರಿಸಿಕೊಂಡು ಹೋದೆ. ಹೋಗುವ ಹಾಗೆ ಮಾಡಿದವಳು ಮದುಮಗಳು.

ಮದುವೆಯ ಫೋಟೋ ಕೆಲಸ ನನಗೆ ಒಪ್ಪಿಸಿದ್ದು ಅವಳ ದೊಡ್ಡಪ್ಪ. ಮಾತೆಲ್ಲ ಮುಗಿದು ಎಷ್ಟೋ ದಿನದ ಮೇಲೆ ಆ ಹುಡುಗಿ ಒಬ್ಬಳೇ ಸ್ಟುಡಿಯೋಗೆ ಬಂದಳು. ವಸಂತನರಸಾಪುರದ ಒಂದು ಫ್ಯಾಕ್ಟರಿಯ ಆಫೀಸಿನಲ್ಲಿ ಕೆಲಸ, ಕೊರಳಲ್ಲಿ ಇನ್ನೂ ಐಡಿ ಕಾರ್ಡ್ ನೇತಾಡುತ್ತಿತ್ತು. ಮದುಮಗಳು ಒಬ್ಬಳೇ ಬಂದರೆ ನಾನು ಮೊದಲು ಎಣಿಸುವುದು ಮದುವೆ ಮುರಿಯಿತು ಎಂದೇ. ಬಾಗಿಲು ಮುಂದೆ ಮಾಡಿ ಕೂರಿಸಿದೆ.

"ಅಕ್ಕ, ಒಂದ್ ಮಾತಿತ್ತು. ದೊಡ್ಡಪ್ಪಂಗೆ ಗೊತ್ತಾಗ್ಬಾರ್ದು."

"ಹೇಳಮ್ಮ."

"ತಾಳಿ ಕಟ್ತಾರಲ್ಲ, ಆ ಹೊತ್ತಲ್ಲಿ ನಮ್ಮಮ್ಮನ ಮುಖ ಹೆಂಗಿರುತ್ತೆ ಅಂತ ನಾನು ನೋಡ್ಬೇಕು. ನಂಗೆ ಆಗ ತಲೆ ಎತ್ತಕ್ಕಾಗಲ್ಲ. ನೀವು ತೆಗ್ದು ಕೊಡಿ."

ಇಷ್ಟೇ ತಾನೇ, ಅಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡರಾಯಿತು ಎಂದೆ. ಅವಳು ಐಡಿ ಕಾರ್ಡಿನ ದಾರವನ್ನು ಬೆರಳಿಗೆ ಸುತ್ತುತ್ತಾ ಕೂತಳು. ಅಪ್ಪ ತೀರಿಹೋಗಿ ಬಹಳ ವರ್ಷವಾಗಿದೆಯಂತೆ. ಧಾರೆ ಎರೆಯುವವರು ದೊಡ್ಡಪ್ಪ, ದೊಡ್ಡಮ್ಮ. ಮುಹೂರ್ತದ ಹೊತ್ತಿಗೆ ಅಮ್ಮ ಮಂಟಪದ ಹತ್ತಿರ ಸುಳಿಯುವ ಹಾಗಿಲ್ಲ.

"ದೊಡ್ಡಪ್ಪ ಒಪ್ಪಲ್ಲ ಬಿಡಿ. ಅಮ್ಮನೇ ಒಪ್ಪಲ್ಲ ಅಕ್ಕ. 'ನಾನು ಹಿಂದ್ಗಡೆ ಮೇನ್ ಡೋರ್ ಹತ್ರ ನಿಂತ್ಕೋತೀನಿ, ಅಲ್ಲಿಂದ್ಲೇ ಕಾಣುತ್ತೆ' ಅಂತಾಳೆ. ಕ್ಯಾಮೆರಾ ಕಂಡ್ರೆ ಎದ್ದು ಹೋಗ್ತಾಳೆ. ಆಧಾರ್ ಕಾರ್ಡ್ ಬಿಟ್ರೆ ಅವಳ್ದು ಇನ್ನೊಂದು ಫೋಟೋ ಇಲ್ಲ."

ನನಗೆ ಸಿಟ್ಟು ಬಂತು. ದೊಡ್ಡಪ್ಪನ ಮೇಲೆ ಬಂತು, ಆ ತಾಯಿಯ ಮೇಲೂ ಬಂತು. ಆಮೇಲೆ ನೆನಪಾಯಿತು, ಮುಂಗಡ ಕೊಡುವಾಗ ದೊಡ್ಡಪ್ಪ ಒಂದು ಮಾತು ಹೇಳಿದ್ದರು: "ಸ್ಟೇಜ್ ಮೇಲಿರೋರ್ನ ತೆಗೀರಿ ಸಾಕು ಮೇಡಂ, ಹಿಂದ್ಗಡೆ ಜನ್ದೆಲ್ಲ ಏನಕ್ಕೆ?" ಆಗ ಅದು ಆಲ್ಬಮ್ಮಿನ ಪುಟ ಉಳಿಸುವ ಮಾತು ಎಂದುಕೊಂಡಿದ್ದೆ. ಈಗ ಬೇರೆ ಥರ ಕೇಳಿಸಿತು. ತೆಗೆದುಕೊಡುತ್ತೇನೆ ಎಂದು ಹುಡುಗಿಗೆ ಮಾತು ಕೊಟ್ಟುಬಿಟ್ಟೆ. ಹೇಗೆ ಎಂದು ಯೋಚಿಸಿದ್ದು ಅವಳು ಬಸ್ ಹತ್ತಿದ ಮೇಲೆ.

ಬೇರೆಯವರಿಗೆ ಇದು ಸುಲಭ ಅನ್ನಿಸಬಹುದು. ಇನ್ನೊಬ್ಬ ಫೋಟೋಗ್ರಾಫರ್‌ನನ್ನು ಹಿಂದೆ ನಿಲ್ಲಿಸಬಹುದಿತ್ತು, ಆದರೆ ಅವನನ್ನು ಕಂಡ ಕೂಡಲೇ ಅಮ್ಮ ಹೊರಟುಬಿಡುತ್ತಾರೆ. ನನ್ನ ಎರಡನೇ ಕ್ಯಾಮೆರಾ ವಿಡಿಯೋದವರ ಕೈಯಲ್ಲಿರುತ್ತದೆ. ಇರದಿದ್ದರೂ ಮುಹೂರ್ತದಲ್ಲಿ ಹೆಗಲಿಗೆರಡು ಕ್ಯಾಮೆರಾ ಹಾಕಿಕೊಳ್ಳುವುದನ್ನು ನಾನು ಬಿಟ್ಟಿದ್ದೇನೆ; ಒಮ್ಮೆ ಪಟ್ಟಿ ಸಿಕ್ಕಿಕೊಂಡು ಮದುಮಗನ ಪೇಟವೇ ಕಿತ್ತು ಬಂದಿತ್ತು. ಇನ್ನು ಮಂಟಪದಲ್ಲಿ ನಿಂತು ಲೆನ್ಸ್ ಬದಲಾಯಿಸುವ ಮಾತೇ ಇಲ್ಲ. ಗಟ್ಟಿಮೇಳ ಶುರುವಾದರೆ ನಾಲ್ಕೂ ಕಡೆಯಿಂದ ಅಕ್ಷತೆ ಬೀಳುತ್ತದೆ. ಆ ಗಳಿಗೆಯಲ್ಲಿ ಲೆನ್ಸ್ ಬಿಚ್ಚಿದರೆ ಅರಿಶಿನ ಹಚ್ಚಿದ ಅಕ್ಕಿ ಸೀದಾ ಒಳಗೆ, ಚಿತ್ರ ಹಿಡಿಯುವ ಸೆನ್ಸರಿನ ಮೇಲೆ ಕೂರುತ್ತದೆ. ಒಂದೇ ಕ್ಯಾಮೆರಾ, ಒಂದೇ ಲೆನ್ಸ್, ಕೈಯಳತೆಯಲ್ಲಿ ತಾಳಿ, ಹಾಲಿನ ಆ ತುದಿಯಲ್ಲಿ ತಾಯಿ. ನಡುವೆ ಸಿಗುವುದು ಒಂದು ಉಸಿರಿನ ಹೊತ್ತು.

ನನ್ನ ಬಳಿ ಇದ್ದದ್ದು 24-70ರ ಜೂಮ್ ಲೆನ್ಸ್; ಈ ಅಂಕಿ ಏರಿದಷ್ಟೂ ದೂರದ್ದು ಹತ್ತಿರ ಬರುತ್ತದೆ. ಹತ್ತಿರದ ಮದುವೆ ಕೆಲಸಕ್ಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಅದನ್ನು ಹಿಡಿದು ಕುಣಿಗಲ್‌ಗೆ ಹೋಗಿ, ಖಾಲಿ ಕಲ್ಯಾಣ ಮಂಟಪದ ಬೀಗ ತೆಗೆಸಿ, ಮಂಟಪದ ಜಾಗದಲ್ಲಿ ನಿಂತು ಹಿಂದಿನ ಬಾಗಿಲಿನ ಫೋಟೋ ತೆಗೆದೆ. 70ರಲ್ಲಿ ಬೀಗ ತೆಗೆದು ಬಾಗಿಲ ಬಳಿ ನಿಂತಿದ್ದ ಛತ್ರದ ಮೇಸ್ತ್ರಿ ಬೆರಳಿನಷ್ಟು ಕಂಡ. ನನ್ನದು ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರಿನ ಕ್ಯಾಮೆರಾ; ಕತ್ತರಿಸಿ ದೊಡ್ಡದು ಮಾಡಿದರೆ ಮುಖ ಅಂತ ಗೊತ್ತಾಗುತ್ತದೆ, ಆದರೆ ಆ ಮುಖದಲ್ಲಿ ಏನಿದೆ ಎಂದು ಗೊತ್ತಾಗುವುದಿಲ್ಲ. ಹುಡುಗಿ ಕೇಳಿದ್ದು ಅದನ್ನೇ.

ತುಮಕೂರಿನ ಕ್ಯಾಮೆರಾ ಅಂಗಡಿಯವರು 28-200ರ ಲೆನ್ಸ್ ತೋರಿಸಿದರು. "ಆಲ್ ಇನ್ ಒನ್ ಮೇಡಂ, ಇದೊಂದಿದ್ರೆ ಬೇರೆ ಮುಟ್ಟಂಗೇ ಇಲ್ಲ." ಹಾಗೆಂದ ಮೇಲೆ ನಾನು ಅದನ್ನು ಮುಟ್ಟಲೇ ಹಿಂಜರಿದೆ. ಎಲ್ಲ ಕೆಲಸಕ್ಕೂ ಆಗುತ್ತದೆ ಎನ್ನುವ ವಸ್ತು ಯಾವುದೋ ಒಂದು ಕೆಲಸಕ್ಕೆ ಕೈ ಕೊಟ್ಟೇ ಕೊಡುತ್ತದೆ. ಯಾವುದಕ್ಕೆ ಎಂದು ಮೊದಲೇ ಹುಡುಕಿಟ್ಟುಕೊಳ್ಳಬೇಕು. ಒಂದು ದಿನದ ಮಟ್ಟಿಗೆ ಕೇಳಿ ತಂದು ಮತ್ತೆ ಕುಣಿಗಲ್‌ಗೆ ಹೋದೆ. ಹಗುರ, ಚುರುಕು, ಹಗಲು ಬೆಳಕಿನಲ್ಲಿ ಚಿತ್ರವೂ ಚೆನ್ನ. ಆದರೆ ಪೂರ್ತಿ ಉದ್ದಕ್ಕೆ ಎಳೆದರೆ ಎಫ್ 5.6ಕ್ಕಿಂತ ಹೆಚ್ಚು ತೆರೆದುಕೊಳ್ಳುವುದಿಲ್ಲ. ಈ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನೊಳಗೆ ಬೆಳಕು ಹೆಚ್ಚು ಬರುತ್ತದೆ. ಆ ಹಾಲಿನಲ್ಲಿ ಬೆಳಕೆಲ್ಲ ಸ್ಟೇಜಿಗೆ, ಹಿಂದೆ ಎರಡು ಟ್ಯೂಬ್‌ಲೈಟು. ಅದಕ್ಕೆ ಐಎಸ್‌ಒ, ಅಂದರೆ ಬಂದ ಬೆಳಕನ್ನು ಕ್ಯಾಮೆರಾ ಹಿಗ್ಗಿಸಿ ತೋರಿಸುವ ಲೆಕ್ಕ, ಏರಿಸಿದೆ. ಚಿತ್ರದ ತುಂಬ ರಾಗಿ ಹಿಟ್ಟು ಚೆಲ್ಲಿದ ಹಾಗೆ ಕಾಳುಕಾಳು.

ಇನ್ನುಳಿದದ್ದು 35-150. ಉದ್ದಕ್ಕೆ ಎಳೆದರೂ ಎಫ್ 2.8 ನಿಲ್ಲುತ್ತದೆ, ಅಂದರೆ ನಾಲ್ಕು ಪಟ್ಟು ಬೆಳಕು. ತೂಕ ಮಾತ್ರ ಒಂದು ಕೆಜಿಗೂ ಮೇಲೆ. ಮೊದಲ ತುದಿ 35 ಆದ್ದರಿಂದ ಮಂಟಪದ ಇಕ್ಕಟ್ಟಿನಲ್ಲಿ ನಾನು ಎರಡು ಹೆಜ್ಜೆ ಹಿಂದೆ ನಿಲ್ಲಬೇಕು, ಹಿಂದೆ ಸ್ಟೇಜಿನ ಅಂಚು. ಹೊಸದು ಕೊಳ್ಳುವ ಮುಂಚೆ ಒಂದು ಮದುವೆಯಲ್ಲಾದರೂ ಬಳಸಿ ನೋಡಬೇಕಿತ್ತು. ಅಂಥದೊಂದು ಗುಬ್ಬಿಯ ಫೋಟೋಗ್ರಾಫರ್ ಬಳಿ ಮಾರಾಟಕ್ಕಿದೆ ಎಂದು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬಂದಿತ್ತು.

ಅವನು ನನಗಿಂತ ಚಿಕ್ಕವನು. ನನ್ನ ಕೈಗೆ ಬರಬೇಕಾಗಿದ್ದ ಮದುವೆಗಳು ಅವನ ಕೈ ಸೇರಿದ್ದುಂಟು, ಅವನವು ನನ್ನ ಕೈ ಸೇರಿದ್ದೂ ಉಂಟು. ಅಂಥವನು ಚೆನ್ನಾಗಿರುವ ಲೆನ್ಸನ್ನು ಯಾಕೆ ಮಾರುತ್ತಾನೆ? ಗುಬ್ಬಿ ಬಸ್ ಸ್ಟ್ಯಾಂಡ್ ಹತ್ತಿರದ ಅವನ ಸ್ಟುಡಿಯೋದಲ್ಲಿ ಕೂತು ಅದನ್ನೇ ಕೇಳಿದೆ.

"ಭಾರ ಕಣಕ್ಕ. ಕತ್ತು ಹಿಡ್ಕೊಂಡ್‌ಬಿಟ್ಟೈತೆ. ಡಾಕ್ಟ್ರು ಬೈತಾವ್ರೆ."

ಕತ್ತನ್ನು ನೋಡಿದೆ. ಚೆನ್ನಾಗಿಯೇ ಆಡುತ್ತಿತ್ತು. ಲೆನ್ಸ್ ತೆಗೆದುಕೊಂಡು ಹಿಂದಿನಿಂದ ಟಾರ್ಚ್ ಬಿಟ್ಟೆ, ಬೂಷ್ಟು ಇಲ್ಲ. ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದೆ, ಸದ್ದಿಲ್ಲ. ಕ್ಯಾಮೆರಾಗೆ ಕೂರುವ ಬಳೆಯಲ್ಲಿ ಗೀರುಗಳಿದ್ದವು, ಬಳಸಿದ ವಸ್ತುವಿಗೆ ಅಷ್ಟು ಇರುತ್ತದೆ. ಜೂಮ್ ಬಳೆ ತಿರುಗಿಸಿದಾಗ 85 ದಾಟುವಲ್ಲಿ ಹಲ್ಲಿಗೆ ಕಲ್ಲು ಸಿಕ್ಕಿದಂತೆ ಕರಕ್ ಎಂದಿತು.

"ಇದು ಮದುವೆಗಳಿಗೆ ಹೋಗಿದೆಯಾ?"

"ಅಯ್ಯೋ ಇಲ್ಲಕ್ಕ. ಮಂಟಪದ ಮೆಟ್ಲೂ ಹತ್ತಿಲ್ಲ. ಬರೀ ಸ್ಟುಡಿಯೋದಾಗೆ ಫ್ಯಾಮಿಲಿ ಫೋಟೋ."

ಜೂಮ್ ಬಳೆಯ ಮೇಲಿನ ರಬ್ಬರಿನ ಅಂಚನ್ನು ಉಗುರಿನಿಂದ ಎಬ್ಬಿಸಿದೆ. ಅದರಡಿಯಲ್ಲಿ ಒಂದು ಅಕ್ಕಿ ಕಾಳಿತ್ತು, ಅರಿಶಿನ ಇನ್ನೂ ಮಾಸಿರಲಿಲ್ಲ. ಅದನ್ನು ತೆಗೆದು ಅವನ ಮೇಜಿನ ಗಾಜಿನ ಮೇಲಿಟ್ಟೆ.

"ಸ್ಟುಡಿಯೋದಲ್ಲಿ ಯಾರಿಗಪ್ಪ ಅಕ್ಷತೆ ಹಾಕಿದ್ದು?"

ಅವನು ಕಾಳನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ತಲೆ ಕೆರೆದುಕೊಂಡು ನಕ್ಕುಬಿಟ್ಟ. "ಹೋಗೈತೆ ಬುಡಕ್ಕ. ಈ ಸೀಸನ್ನೆಲ್ಲ ಮದ್ವೆಲೇ ಇತ್ತು. ಮದ್ವೆಗೋಗಿದ್ ಲೆನ್ಸು ಅಂದ್ರೆ ಯಾರ್ ತಗೋತಾರೆ, ನೀವೇ ಹೇಳಿ?"

ವಿಚಿತ್ರವೆಂದರೆ ಆಗ ನನಗೆ ಸ್ವಲ್ಪ ಸಮಾಧಾನವಾಯಿತು. ಸುಳ್ಳು ಎಲ್ಲಿದೆ ಎಂದು ಗೊತ್ತಾಗುವ ತನಕ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ರಬ್ಬರ್ ಪೂರ್ತಿ ಬಿಚ್ಚಿ, ಬ್ರಷ್ಷಿನಿಂದ ಸುತ್ತಲೂ ಗುಡಿಸಿ, ಮತ್ತೆ ಹಾಕಿ ತಿರುಗಿಸಿದೆ. ಬಳೆ ನುಣ್ಣಗೆ ತಿರುಗಿತು. ಆದರೂ ಈಗಲೇ ಕೊಳ್ಳುವುದಿಲ್ಲ, ಕುಣಿಗಲ್ ಮದುವೆ ಮುಗಿಸಿ ಹೇಳುತ್ತೇನೆ ಎಂದೆ. ಅವನ ನಗು ನಿಂತಿತು.

"ತಗೊಂಡೋಗಿ, ಬ್ಯಾಡ ಅನ್ನಲ್ಲ. ಅಲ್ಲೀಗಂಟ ನಿಮ್ 24-70 ನಮ್ಮತ್ರ ಇರ್ಲಿ."

"ಯಾಕೆ, ನಂಬಿಕೆ ಇಲ್ವಾ?"

"ನಿಮ್ಗೈತಾ?"

ಹೊರಗೆ ಬಂದು ರಸ್ತೆಬದಿಯಲ್ಲಿ ಟೀ ಕುಡಿದೆ. ನನ್ನ ಲೆನ್ಸ್ ಕೊಟ್ಟರೆ ಮದುವೆಯ ದಿನ ಅವನ ಲೆನ್ಸೇ ಗತಿ. ಅದು ಕೈಕೊಟ್ಟರೆ ಚೀಲದಲ್ಲಿ 50ರ ಒಂದು ಪುಟ್ಟ ಲೆನ್ಸ್ ಬಿಟ್ಟು ಬೇರೇನೂ ಇರುವುದಿಲ್ಲ. ತಾಯಿ ಹೋಗಲಿ, ತಾಳಿಯ ಫೋಟೋವೇ ತಪ್ಪಿದರೆ ಜಿಲ್ಲೆಯಲ್ಲಿ ತಲೆಯೆತ್ತುವ ಹಾಗಿಲ್ಲ. ಕೊಡದಿದ್ದರೆ ಎಲ್ಲವೂ ಕ್ಷೇಮ, ಆಲ್ಬಮ್ ಚೆನ್ನಾಗಿ ಬರುತ್ತದೆ, ಹುಡುಗಿಗೆ "ಆಗಲಿಲ್ಲ ಕಣಮ್ಮ" ಎಂದರೆ ಮುಗಿಯಿತು. ಅವಳು ಜಗಳಕ್ಕೇನೂ ಬರುವವಳಲ್ಲ. ಅವಳು ದಾರ ಸುತ್ತುತ್ತಾ ಕೂತಿದ್ದ ಬೆರಳು ನೆನಪಾಯಿತು. ಒಳಗೆ ಹೋಗಿ ನನ್ನ ಲೆನ್ಸನ್ನು ಮೇಜಿನ ಮೇಲಿಟ್ಟು, ಅವನದನ್ನು ಎತ್ತಿಕೊಂಡು ಬಂದೆ. ಬಸ್ಸಿನಲ್ಲಿ ಕೂತಾಗ ಮನೆಯ ಮಗುವನ್ನು ಬೇರೆಯವರ ಹತ್ತಿರ ಬಿಟ್ಟು ಬಂದಷ್ಟು ಸಂಕಟವಾಯಿತು.

ಮರುದಿನ ಹಿರೇಹಳ್ಳಿಗೆ ಹೋದೆ. ಅಲ್ಲೊಂದು ಫ್ಯಾಕ್ಟರಿಯ ಇಟ್ಟಿಗೆ ಕಾಂಪೌಂಡ್ ನೇರವಾಗಿ, ಉದ್ದಕ್ಕೆ ಇದೆ, ಗಾರೆ ಬಳಿದಿಲ್ಲ. ಲೆನ್ಸ್ ಕೆಳಗೆ ಬಿದ್ದು ಒಳಗಿನ ಗಾಜು ವಾಲಿದ್ದರೆ ಅಂಥ ಗೋಡೆಯ ಚಿತ್ರದಲ್ಲಿ ಒಂದು ಪಕ್ಕದ ಇಟ್ಟಿಗೆ ಚೂಪಾಗಿ, ಇನ್ನೊಂದು ಪಕ್ಕದ್ದು ಮಸುಕಾಗಿ ಬರುತ್ತದೆ. ಟ್ರೈಪಾಡ್ ನಿಲ್ಲಿಸಿ 35ರಿಂದ 150ರವರೆಗೆ ಒಂದೊಂದೇ ತೆಗೆಯುತ್ತಿದ್ದಾಗ ವಾಚ್‌ಮನ್ ಓಡಿ ಬಂದರು.

"ಏನ್ರಮ್ಮ, ಗೋಡೆ ಫೋಟೋ ಯಾಕೆ? ಯಾರ್ ಕಳ್ಸಿದ್ದು ನಿಮ್ಮನ್ನ?"

ಲೆನ್ಸ್ ಪರೀಕ್ಷೆ ಎಂದೆ. ಅವರು ನನ್ನ ಮಾತನ್ನು ಒಂದಿಷ್ಟೂ ನಂಬದೆ, ಮುಗಿಯುವ ತನಕ ಪಕ್ಕದಲ್ಲೇ ನಿಂತು ಕಾದರು. ನನಗೆ ಅವರ ಮೇಲೆ ಗೌರವ ಬಂತು. ಇಟ್ಟಿಗೆಗಳು ಎರಡೂ ಕಡೆ ಚೂಪಾಗಿಯೇ ಇದ್ದವು.

ಮದುವೆಯ ಬೆಳಿಗ್ಗೆ ಕ್ಯಾಮೆರಾದ ಮೇಲಿನ ಡಯಲ್‌ನಲ್ಲಿ ಎರಡು ಜಾಗಕ್ಕೆ ಎರಡು ಲೆಕ್ಕ ಕೂಡಿಸಿಟ್ಟೆ. ಒಂದು ಸ್ಟೇಜಿನ ಬೆಳಕಿಗೆ, ಎಫ್ 4, ಐಎಸ್‌ಒ ಕಡಿಮೆ. ಎರಡು ಹಿಂದಿನ ಬಾಗಿಲಿಗೆ, ಎಫ್ 2.8, ಐಎಸ್‌ಒ 6400, ಶಟರ್ ಒಂದು ಸೆಕೆಂಡಿನ ಇನ್ನೂರನೇ ಒಂದು ಭಾಗ. ತಾಳಿ ಕಟ್ಟಿದ ಕೂಡಲೇ ಡಯಲ್ ಒಂದು ಸಲ ತಿರುಗಿಸಬೇಕು, ಜೂಮ್ ಬಳೆ ಪೂರ್ತಿ ತಿರುಗಿಸಬೇಕು, ನಾನೂ ತಿರುಗಬೇಕು. ಮದುಮಗಳು ಹಸೆಗೆ ಬರುವ ಮುಂಚೆ ಅದನ್ನು ಖಾಲಿ ಮಂಟಪದಲ್ಲಿ ಹಲವು ಸಲ ಅಭ್ಯಾಸ ಮಾಡಿದೆ. ದೊಡ್ಡಪ್ಪ ಅದನ್ನು ನೋಡುತ್ತಾ ಬಂದರು.

"ಏನ್ ಮೇಡಂ ಇದು, ಫಿರಂಗಿ ಇದ್ದಂಗೈತೆ. ಸ್ಟೇಜ್ ಮೇಲ್ ತೆಗ್ಯಕ್ಕೆ ಇಷ್ಟುದ್ದದ್ದು ಬೇಕಾ?"

"ಹತ್ತಿರದ್ದಕ್ಕೂ ಆಗುತ್ತೆ ಸಾರ್" ಎಂದೆ. ಅವರು ಹಿಂದಿನ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿ ಹೋದರು. ಅವರಿಗೆ ಏನಾದರೂ ಗೊತ್ತಾಯಿತೋ, ಪುರೋಹಿತರು ಬಂದರೇ ಎಂದು ನೋಡಿದರೋ, ನನಗೆ ಇವತ್ತಿಗೂ ತಿಳಿದಿಲ್ಲ.

ಬೆಳಗಿನಿಂದ ನನ್ನ ಒಂದು ಕಣ್ಣು ಹುಡುಗಿ ತೋರಿಸಿಕೊಟ್ಟಿದ್ದ ತಾಯಿಯ ಮೇಲೆ ಇತ್ತು. ಬೂದು ಬಣ್ಣದ ರೇಷ್ಮೆ ಸೀರೆ, ಸಣ್ಣ ಆಳು, ಎಲ್ಲರಿಗೂ ಕಾಫಿ ಬಂತೇ ಎಂದು ವಿಚಾರಿಸುತ್ತಾ ಓಡಾಡುತ್ತಿದ್ದರು. ಮುಹೂರ್ತಕ್ಕೆ ಸ್ವಲ್ಪ ಮುಂಚೆ ಅಕ್ಷತೆಯ ತಟ್ಟೆ ಸಾಲುಸಾಲಿಗೆ ಬಂತು. ಅವರು ಹಿಂದಿನ ಮುಖ್ಯ ಬಾಗಿಲ ಬಳಿ ನಿಂತಿದ್ದರು. ತಟ್ಟೆ ಹತ್ತಿರ ಬಂದಾಗ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು, ಪಕ್ಕದವರಿಗೆ ಕೊಡಿ ಎಂದು ಕತ್ತಿನಲ್ಲೇ ತೋರಿಸಿದರು. ಒಂದು ಮಂತ್ರ ಮುಗಿಯುವಷ್ಟರಲ್ಲಿ ಮತ್ತೆ ನೋಡುತ್ತೇನೆ, ಬಾಗಿಲಲ್ಲಿ ಅವರಿಲ್ಲ.

ಹೊರಟುಹೋಗುತ್ತಾರೆ ಎಂಬ ಅನುಮಾನ ಮೊದಲಿನಿಂದಲೂ ಇತ್ತು. ತಾಳಿಯ ತಟ್ಟೆ ಹಿರಿಯರ ಕೈಯಿಂದ ಕೈಗೆ ದಾಟುತ್ತಿರುವಾಗ ನಾನು ಸ್ಟೇಜಿನ ಅಂಚಿನಿಂದ ಲೆನ್ಸನ್ನು 150ಕ್ಕೆ ಎಳೆದು, ದುರ್ಬೀನು ಮಾಡಿಕೊಂಡು ಇಡೀ ಹಾಲನ್ನು ಹುಡುಕಿದೆ. ಮುಖ್ಯ ಬಾಗಿಲು, ಕಂಬ, ಶಾಮಿಯಾನದ ಕಡೆ, ಎಲ್ಲೂ ಇಲ್ಲ. ಕೊನೆಗೆ ಎಡಮೂಲೆಯಲ್ಲಿ, ಊಟದ ಹಾಲಿಗೆ ಇಳಿಯುವ ಬಾಗಿಲಲ್ಲಿ, ಪರದೆಯ ಹಿಂದೆ ಅರ್ಧ ಮರೆಯಾಗಿ ಬೂದು ಸೀರೆ ಕಂಡಿತು. ನಾನು ಅಳೆದಿದ್ದ ಜಾಗಕ್ಕಿಂತ ದೂರ, ಅದಕ್ಕಿಂತ ಕತ್ತಲೆ. ಅಲ್ಲಿ ಟ್ಯೂಬ್‌ಲೈಟೂ ಇರಲಿಲ್ಲ. ಡಯಲಿನ ಎರಡನೇ ಜಾಗದ ಐಎಸ್‌ಒವನ್ನು ಅಲ್ಲೇ ಒಂದು ಮೆಟ್ಟಿಲು ಏರಿಸಿದೆ. 28-200 ಆಗಿದ್ದರೆ ಆ ಕತ್ತಲೆಗೆ ಕ್ಯಾಮೆರಾ ಕೆಳಗಿಡಬೇಕಾಗುತ್ತಿತ್ತು.

ಗಟ್ಟಿಮೇಳ ಎಂದು ಕೂಗಿದರು. ನಾಗಸ್ವರ, ಡೋಲು ಒಟ್ಟಿಗೆ ಎದ್ದವು. 35ರಲ್ಲಿ ತಾಳಿ, ಮದುಮಗನ ಬೆರಳು, ತಗ್ಗಿಸಿದ ಅವಳ ಕತ್ತು. ಮೊದಲ ಗಂಟು, ಎರಡು, ಮೂರು. ಅಕ್ಷತೆ ನನ್ನ ಕಿವಿಯೊಳಗೂ ಬಿತ್ತು. ಡಯಲ್ ತಿರುಗಿಸಿ, ಬಳೆ ತಿರುಗಿಸಿ, ನಾನೂ ತಿರುಗಿದೆ. ಬಳೆ 85 ದಾಟುವಾಗ ಉಸಿರು ಹಿಡಿದಿದ್ದೆ; ಎಲ್ಲೂ ನಿಲ್ಲಲಿಲ್ಲ. ಎದುರಿಗೆ ಎತ್ತಿ ಹಿಡಿದ ಮೊಬೈಲುಗಳ ಕಾಡು. ಫೋಕಸ್ ಮೊದಲು ಯಾರದ್ದೋ ಕೈಬಳೆಯ ಮೇಲೆ ಹೋಯಿತು, ಆಮೇಲೆ ಹೂವಿನ ಮಾಲೆಯ ಮೇಲೆ. ಹೆಬ್ಬೆರಳಿನಿಂದ ಫೋಕಸ್ಸಿನ ಚುಕ್ಕಿಯನ್ನು ಮೂಲೆಗೆ ದಬ್ಬಿದೆ. ಎರಡು ತೋಳುಗಳ ನಡುವಿನ ಸಂದಿಯಲ್ಲಿ ಪರದೆ, ಸೀರೆ, ಮುಖ. ಚಿತ್ರದ ಮೇಲೆ ಚಿತ್ರ ಓಡಿಸಿದೆ. ಅಷ್ಟರಲ್ಲಿ ಒಬ್ಬರು ಮಗುವನ್ನು ಹೆಗಲಿಗೇರಿಸಿದರು, ಸಂದಿ ಮುಚ್ಚಿತು. ನಾನು ಮತ್ತೆ ಮಂಟಪಕ್ಕೆ ತಿರುಗಿದೆ. ಅವರ ಮುಖದಲ್ಲಿ ಏನಿತ್ತು ಎಂದು ಆಗ ನನಗೂ ಗೊತ್ತಾಗಲಿಲ್ಲ. ಫೋಕಸ್ ನಿಂತಿದೆಯೇ ಎನ್ನುವುದೊಂದೇ ತಲೆಯಲ್ಲಿತ್ತು. ಆರತಕ್ಷತೆಯ ಫೋಟೋಗಳೆಲ್ಲ ಮುಗಿಯುವ ತನಕ ಕ್ಯಾಮೆರಾದಲ್ಲಿ ಹಿಂದಕ್ಕೆ ಹೋಗಿ ಆ ಚಿತ್ರ ನೋಡುವ ಧೈರ್ಯವೂ ಬರಲಿಲ್ಲ.

ಸ್ಟುಡಿಯೋದಲ್ಲಿ ಕಂಪ್ಯೂಟರಿಗೆ ಹಾಕಿ ನೋಡಿದ ಮೇಲೆ ಗುಬ್ಬಿಗೆ ಫೋನ್ ಮಾಡಿದೆ. ನಿನ್ನ ಲೆನ್ಸ್ ನನಗಿರಲಿ, ನನ್ನ 24-70 ನೀನೇ ಇಟ್ಟುಕೋ, ಉಳಿದದ್ದು ಕೂತು ಮಾತಾಡೋಣ ಎಂದೆ.

"ಯಾಕಕ್ಕ, ನಿಮ್ ಲೆನ್ಸ್‌ನಾಗೆ ಏನಾರ ಪ್ರಾಬ್ಲಂ ಐತಾ?"

ಮದುಮಗಳು ಬಂದದ್ದು ಗಂಡನ ಮನೆಯಿಂದ ಮತ್ತೆ ಕೆಲಸಕ್ಕೆ ಹೋಗಲು ಶುರುಮಾಡಿದ ಮೇಲೆ, ಆಲ್ಬಮ್ಮಿಗೆ ಫೋಟೋ ಆರಿಸಲು. ಅದೇ ಐಡಿ ಕಾರ್ಡ್, ಪಕ್ಕದಲ್ಲಿ ತಾಳಿ. ತಾಯಿಯ ಚಿತ್ರ ತೆರೆದು ತೋರಿಸಿದೆ. ಪರದೆಯಿಂದ ಮುಂದೆ ಬಂದ ತಾಯಿ, ಬಲಗೈ ಪೂರ್ತಿ ಚಾಚಿದೆ, ಬೆರಳು ಬಿಚ್ಚಿದೆ. ಗಾಳಿಯಲ್ಲಿ ಹಳದಿ ಕಾಳುಗಳು. ಅವು ಮಂಟಪಕ್ಕಿರಲಿ, ಕೊನೆಯ ಸಾಲಿನ ಕುರ್ಚಿಗೂ ಮುಟ್ಟುವಂತಿರಲಿಲ್ಲ. ಮುಖದಲ್ಲಿ ನಗುವಿತ್ತು, ಕಣ್ಣು ತುಂಬಿತ್ತು.

ಹುಡುಗಿ ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದ ಕಣ್ಣಲ್ಲಿ ಸಂತೋಷವಿರಲಿಲ್ಲ.

"ಅಕ್ಕ, ನಿಜ ಹೇಳಿ. ಈ ಅಕ್ಷತೆ ನೀವು ಎಡಿಟ್ ಮಾಡಿ ಹಾಕಿದ್ದಾ?"

ನನಗೆ ಕಪಾಳಕ್ಕೆ ಬಿದ್ದಂತಾಯಿತು. "ಯಾಕಮ್ಮ ಹಂಗಂತೀಯ?"

"ಅಪ್ಪ ಹೋದ್ಮೇಲೆ ಅಮ್ಮ ಯಾರ ಮದ್ವೇಲೂ ಅಕ್ಷತೆ ಮುಟ್ಟಿಲ್ಲ. ತಟ್ಟೆ ಬಂದ್ರೆ ಕೈ ಹಿಂದಕ್ಕೆ ತಗೋತಾಳೆ. ನನ್ ಮದ್ವೇದು ಕೇಳಿದ್ದಕ್ಕೆ, 'ಅಡಿಗೆಯವ್ರು ಕರುದ್ರು, ಹೋಗ್ಬಿಟ್ಟೆ ಕಣೇ, ತಾಳಿ ಕಟ್ಟಿದ್ದೇ ನೋಡ್ಲಿಲ್ಲ' ಅಂದ್ಲು. ನಂಗೆ ಬೇಜಾರಾಗ್ಬಾರ್ದು ಅಂತ ನೀವು ಹಾಕಿದ್ರೆ, ಬೇಡ ಅಕ್ಕ."

ತಟ್ಟೆಯನ್ನು ಅವರು ಮುಟ್ಟದೇ ಇದ್ದದ್ದನ್ನು ನಾನೂ ನೋಡಿದ್ದೆ. ಈ ಕಾಳು ಎಲ್ಲಿಂದ ಬಂತು ಎಂದು ನನಗೂ ಅನುಮಾನ ಬಂದಿತ್ತು, ಅದಕ್ಕೇ ಆ ಸಾಲಿನ ಎಲ್ಲ ಚಿತ್ರಗಳನ್ನೂ ಕ್ಯಾಮೆರಾದಿಂದ ಬಂದ ಹಾಗೇ ಇಟ್ಟಿದ್ದೆ. ಮೊದಲನೆಯದರಿಂದ ಒಂದೊಂದೇ ತೋರಿಸಿದೆ. ಮೊದಲನೆಯದರಲ್ಲಿ ಅವರು ಮಂಟಪ ನೋಡುತ್ತಲೇ ಇಲ್ಲ, ತಲೆ ತಗ್ಗಿಸಿ ಸೆರಗಿನ ತುದಿಯ ಗಂಟನ್ನು ಬಿಚ್ಚುತ್ತಿದ್ದಾರೆ. ಮುಂದಿನದರಲ್ಲಿ ಮುಷ್ಟಿ. ಆಮೇಲೆ ಚಾಚಿದ ಕೈ.

ಹುಡುಗಿ ಮೊದಲ ಚಿತ್ರಕ್ಕೆ ಹಿಂದಕ್ಕೆ ಹೋಗಿ ಎಂದಳು. ಸೆರಗಿನ ಗಂಟಿನ ಮೇಲೆ ಬೆರಳಿಟ್ಟಳು.

"ಮನೆಗ್ ಹೋದ್ಮೇಲೆ ಆ ಸೀರೆ ಮಡಿಸಿದ್ದು ನಾನೇ ಅಕ್ಕ. ಸೆರಗಿನ ತುದಿಯೆಲ್ಲ ಅರಿಶಿನ ಆಗಿತ್ತು. ಏನಮ್ಮ ಇದು ಅಂದೆ. ಅಡಿಗೆಮನೇದು ಕಣೇ ಅಂದ್ಲು."

ಆ ತಾಯಿ ಅಕ್ಷತೆಯನ್ನು ಮನೆಯಿಂದಲೇ ಸೆರಗಿಗೆ ಕಟ್ಟಿಕೊಂಡು ಬಂದಿದ್ದರು. ಹುಡುಗಿ ಅಳುತ್ತಿದ್ದಳು, ನನಗೂ ತಡೆಯಲಾಗಲಿಲ್ಲ, ಎದ್ದು ಹೋಗಿ ಫ್ಯಾನ್ ಜೋರು ಮಾಡಿದೆ. ತಿರುಗಿ ಬಂದಾಗ ಅವಳು ಮುಖ ಒರೆಸಿಕೊಂಡು ಆಲ್ಬಮ್ಮಿನ ಪುಟಗಳನ್ನು ನೋಡುತ್ತಿದ್ದಳು.

"ತಾಳಿ ಕಟ್ಟೋದು ಈ ಕಡೆ ಪೇಜಲ್ಲಿ ಬರುತ್ತಲ್ಲ ಅಕ್ಕ, ಇದನ್ನ ಎದುರು ಪೇಜಿಗೆ ಹಾಕಿ. ಪೂರ್ತಿ ಪೇಜು."

"ದೊಡ್ಡಪ್ಪ ನೋಡ್ತಾರೆ."

"ನೋಡ್ಲಿ" ಎಂದಳು. "ಆಲ್ಬಮ್ ರೆಡಿಯಾದ್ರೆ ಮೊದ್ಲು ನಂಗೆ ಫೋನ್ ಮಾಡಿ. ಅಮ್ಮನ್ನೂ ಕರ್ಕೊಂಡು ಬರ್ತೀನಿ."